ಟಿವಿಯಿಂದ ಹಳೆಯ ಆಂಪ್ಲಿಫೈಯರಿಗೆ: ಆಪ್ಟಿಕಲ್ ಡ್ಯಾಕ್ ಪೆಟ್ಟಿಗೆಯ ದೀರ್ಘಕಾಲದ ಬಳಕೆ

ಹೊಸ ಟಿವಿಗಳ ಹಿಂಬದಿಯಲ್ಲಿ ಕೆಂಪು-ಬಿಳಿ ಬಣ್ಣದ ಆಡಿಯೊ ಔಟ್ ಈಗ ಕಾಣಸಿಗುವುದು ಅಪರೂಪ. ಧಾರವಾಡದ ನಮ್ಮ ಮನೆಗೆ ಬಂದ ಟಿವಿಯಲ್ಲಿಯೂ ಧ್ವನಿ ಹೊರಗೆ ಹೋಗಲು ಎರಡೇ ದಾರಿಗಳಿವೆ. ಒಂದು, ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟ್; ಇನ್ನೊಂದು, ಚೌಕಾಕಾರದ ಆಪ್ಟಿಕಲ್ ಪೋರ್ಟ್. ತಂದೆಯವರು ಕೊಂಡು, ಜತನದಿಂದ ಕಾಪಾಡಿಕೊಂಡು ಬಂದ ಸ್ಟೀರಿಯೊ ಆಂಪ್ಲಿಫೈಯರಿಗೆ ಈ ಎರಡರ ಪರಿಚಯವೂ ಇಲ್ಲ. ಅದಕ್ಕೆ ತಿಳಿದಿರುವುದು ಕೆಂಪು-ಬಿಳಿ ಆರ್‌ಸಿಎ ಪಿನ್ನುಗಳು ಮಾತ್ರ. ಸೌಂಡ್‌ಬಾರ್ ಕೊಳ್ಳಿರಿ ಎಂದು ಅಂಗಡಿಯವರು ಹೇಳಿದರು. ಚೆನ್ನಾಗಿ ನುಡಿಯುವ ಎರಡು ಮರದ ಸ್ಪೀಕರುಗಳು ಮನೆಯಲ್ಲಿರುವಾಗ ಹತ್ತಾರು ಸಾವಿರ ಕೊಟ್ಟು ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ತರಲು ನನಗೆ ಮನಸ್ಸಾಗಲಿಲ್ಲ. ಸಾವಿರ ರೂಪಾಯಿಯೊಳಗೆ ಸಿಗುವ, ಅಂಗೈಯಗಲದ ಡಿಜಿಟಲ್-ಅನಲಾಗ್ ಪರಿವರ್ತಕವನ್ನು, ಅಂದರೆ ಎಲ್ಲರೂ ಡ್ಯಾಕ್ ಎನ್ನುವ ಪೆಟ್ಟಿಗೆಯನ್ನು ತರಿಸಿಕೊಂಡೆ. ಅದರ ಅಳತೆ, ತೂಕ, ಚಿಪ್ಪಿನ ಹೆಸರುಗಳೆಲ್ಲ ಮಾರಾಟದ ಪುಟದಲ್ಲೇ ಸಿಗುವುದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು: ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದು ಅಂಕಿಯಾಗಿಸಿದೆ ಎಂಬ ಲೆಕ್ಕವಾಗಿ ಮೈಮೇಲೆ 192 ಕಿಲೊಹರ್ಟ್ಸ್ ಎಂದು ದೊಡ್ಡದಾಗಿ ಅಚ್ಚು ಮಾಡಿದ್ದರೂ ಟಿವಿ ಸಾಮಾನ್ಯವಾಗಿ ಕಳಿಸುವುದು 48 ಕಿಲೊಹರ್ಟ್ಸ್ ಲೆಕ್ಕದ ಧ್ವನಿಯನ್ನು. ಆ ಅಂಕಿಯನ್ನು ನೋಡಿ ಹೆಚ್ಚಿನ ಹಣ ತೆರಬೇಕಾಗಿಲ್ಲ.

ಪೆಟ್ಟಿಗೆಯಿಂದ ನಾನು ಬಯಸಿದ್ದು ಟಿವಿಯ ಧ್ವನಿ ಆಂಪ್ಲಿಫೈಯರನ್ನು ತಲುಪಲಿ ಎಂಬುದನ್ನಷ್ಟೇ. ನಿರೀಕ್ಷಿಸದೆ ಸಿಕ್ಕಿದ್ದು ನಿಶ್ಶಬ್ದ.

ಹಳೆಯ ಟಿವಿಯ ಕಾಲದಲ್ಲಿ, ಕೆಂಪು-ಬಿಳಿ ತಂತಿ ಚುಚ್ಚಿದ ಕೂಡಲೇ ಸ್ಪೀಕರುಗಳಿಂದ ಗುಂಯ್ ಎನ್ನುವ ಸದ್ದು ಶುರುವಾಗುತ್ತಿತ್ತು. ತಂತಿ ಬದಲಾಯಿಸಿದರೂ ಅದು ಹೋಗಲಿಲ್ಲ. ಮಾಳಿಗೆಯ ಮೇಲಿನ ಡಿಶ್‌ನಿಂದ ಬರುವ ಕೇಬಲನ್ನು ಸೆಟ್ ಟಾಪ್ ಬಾಕ್ಸಿನಿಂದ ಬಿಚ್ಚಿದರೆ ಸದ್ದು ಥಟ್ಟನೆ ನಿಲ್ಲುತ್ತಿತ್ತು, ತಿರುಗಿ ಸಿಕ್ಕಿಸಿದರೆ ತಿರುಗಿ ಬರುತ್ತಿತ್ತು. ಕಾರಣ ಆ ಕೇಬಲಿನ ಹೊರಕವಚದಲ್ಲಿದೆ. ಡಿಶ್ ನಿಂತಿರುವುದು ಕಟ್ಟಡದ ಕಬ್ಬಿಣಕ್ಕೆ ಬಿಗಿದ ಕೊಳವೆಯ ಮೇಲೆ. ಕೇಬಲಿನ ಲೋಹದ ಹೊರಕವಚ ಅಲ್ಲಿಂದ ಹೊರಟು ಸೆಟ್ ಟಾಪ್ ಬಾಕ್ಸಿನ ಮೈಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯ ಕವಚದ ಮೂಲಕ ಟಿವಿಗೆ, ಟಿವಿಯಿಂದ ಆರ್‌ಸಿಎ ತಂತಿಯ ಕವಚದ ಮೂಲಕ ಆಂಪ್ಲಿಫೈಯರಿಗೆ, ಕೊನೆಗೆ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಮನೆಯ ಅರ್ಥಿಂಗಿಗೆ ಬಂದು ಮುಟ್ಟುತ್ತದೆ. ಮಾಳಿಗೆಯ ಮೇಲಿನ ಭೂಸಂಪರ್ಕಕ್ಕೂ ಗೋಡೆಯ ಪ್ಲಗ್ಗಿನ ಭೂಸಂಪರ್ಕಕ್ಕೂ ಇರುವ ಅಲ್ಪ ವೋಲ್ಟೇಜ್ ವ್ಯತ್ಯಾಸವೇ ಈ ಸುತ್ತಿನಲ್ಲಿ ವಿದ್ಯುತ್ತನ್ನು ಹರಿಸುತ್ತದೆ. ನಮ್ಮ ದೇಶದ ವಿದ್ಯುತ್ ಸರಬರಾಜು 50 ಹರ್ಟ್ಸ್ ಆದ್ದರಿಂದ, ಆ ಹರಿವು 50 ಹರ್ಟ್ಸ್‌ನ ಮತ್ತು ಅದರ ಪಟ್ಟುಗಳ ಸದ್ದಾಗಿ ಸ್ಪೀಕರಿನಲ್ಲಿ ಕೇಳಿಬರುತ್ತದೆ. ಗ್ರೌಂಡ್ ಲೂಪ್ ಎಂದು ರಿಪೇರಿಯವರು ಕರೆಯುವುದು ಇದನ್ನೇ.

ಸಿನಿಮಾ ನೋಡುವವರಿಗೆ ಈ ಸದ್ದು ಅಷ್ಟಾಗಿ ಕಾಡುವುದಿಲ್ಲ. ನನ್ನ ಬೆಳಗು ಆರಂಭವಾಗುವುದು ಡಿಶ್ ಪೆಟ್ಟಿಗೆಯಲ್ಲಿ ಬರುವ ಆಕಾಶವಾಣಿಯ ರಾಗಂ ವಾಹಿನಿಯಿಂದ. ಶಾಸ್ತ್ರೀಯ ಸಂಗೀತಕ್ಕೆಂದೇ 2016ರಲ್ಲಿ ಬೆಂಗಳೂರಿನಿಂದ ಆರಂಭವಾದ ಆ ವಾಹಿನಿಯನ್ನು ಕೇಳುತ್ತ ಚಹಾ ಕುಡಿಯದೆ ನನಗೆ ದಿನ ಸರಿಯಾಗಿ ಸಾಗುವುದಿಲ್ಲ. ವಿಲಂಬಿತ ಖಯಾಲಿನಲ್ಲಿ ಗಾಯಕರು ಒಂದು ಸ್ವರವನ್ನು ಹಿಡಿದು ನಿಲ್ಲಿಸಿ, ಬಿಟ್ಟು, ಉಸಿರೆಳೆದುಕೊಳ್ಳುವ ನಡುವೆ ತಂಬೂರಿಯೊಂದೇ ಕೇಳುವ ಕ್ಷಣಗಳಿರುತ್ತವೆ. ಗಾಯಕರ ಷಡ್ಜ ಯಾವುದೇ ಇರಲಿ, ಗುಂಯ್ ಸದ್ದು ಮಾತ್ರ ತನ್ನ ಸ್ಥಾನ ಬಿಟ್ಟು ಕದಲುತ್ತಿರಲಿಲ್ಲ. ಶ್ರುತಿಗೆ ಸೇರದ ಇನ್ನೊಂದು ತಂತಿ ಆ ಬಿಡುವಿನಲ್ಲೆಲ್ಲ ಮಿಡಿಯುತ್ತಲೇ ಇರುತ್ತಿತ್ತು. ಆಪ್ಟಿಕಲ್ ಕೇಬಲ್ ಹಾಕಿದ ಮೇಲೆ ಆಂಪ್ಲಿಫೈಯರಿನ ಗುಂಡಿಯನ್ನು ಮುಕ್ಕಾಲು ತಿರುಗಿಸಿ ಸ್ಪೀಕರಿಗೆ ಕಿವಿಯಿಟ್ಟು ಕೇಳಿದರೂ ತೆಳ್ಳನೆಯ ಹಿಸ್ ಬಿಟ್ಟರೆ ಏನೂ ಕೇಳಿಸಲಿಲ್ಲ. ಆ ಸುತ್ತು ತುಂಡಾಗಿತ್ತು, ಏಕೆಂದರೆ ಆಪ್ಟಿಕಲ್ ಕೇಬಲಿನಲ್ಲಿ ವಿದ್ಯುತ್ತನ್ನು ಒಯ್ಯುವ ಲೋಹದ ತಂತಿಯೇ ಇಲ್ಲ. ಧ್ವನಿ ಸಾಗುವುದು ಬೆಳಕಿನ ರೂಪದಲ್ಲಿ.

ಈ ಬಗೆಯ ಜೋಡಣೆಯನ್ನು ತೋಶಿಬಾ ಕಂಪನಿ 1983ರಲ್ಲಿ ರೂಪಿಸಿತು. ಟಾಸ್‌ಲಿಂಕ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಕೇಬಲಿನ ಒಂದು ತುದಿಯನ್ನು ಟಿವಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಸಾಸಿವೆ ಕಾಳಿನಷ್ಟು ಕೆಂಪು ಬೆಳಕು ಕಾಣುತ್ತದೆ. ಟಿವಿಯ ಪೋರ್ಟ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಹೊಸ ಕೇಬಲಿನ ಎರಡೂ ತುದಿಗಳಿಗೆ ಪಾರದರ್ಶಕ ಟೊಪ್ಪಿಗೆಗಳಿರುತ್ತವೆ. ಅವನ್ನು ತೆಗೆದ ಮೇಲೆಯೇ ಕೇಬಲ್ ಒಳಗೆ ಕೂಡುತ್ತದೆ, ಮೂಲೆಗಳು ಸರಿಯಾಗಿ ಹೊಂದಿದಾಗ ಸಣ್ಣದಾಗಿ ಟಕ್ ಎನ್ನುತ್ತದೆ. ಒಳಗಿರುವುದು ಹೆಚ್ಚಾಗಿ ಪ್ಲಾಸ್ಟಿಕ್ ಎಳೆ. ಮೇಜಿನ ಹಿಂದೆ ಗೋಡೆಗೆ ಒತ್ತಿ ಮಡಿಸಿದರೆ ಬೆಳಕು ಸೋರಿ ಧ್ವನಿ ತುಂಡುತುಂಡಾಗುತ್ತದೆ. ಆದ್ದರಿಂದ ಟಿವಿಯ ಹಿಂದೆ ನಾಲ್ಕು ಬೆರಳಿನಷ್ಟಾದರೂ ಜಾಗ ಬಿಟ್ಟು, ಕೇಬಲನ್ನು ಅಗಲವಾದ ಬಾಗಿನಲ್ಲಿ ಇಳಿಬಿಡಬೇಕು. ಮಾರುಕಟ್ಟೆಯಲ್ಲಿ ಚಿನ್ನದ ಲೇಪನವಿರುವ ಆಪ್ಟಿಕಲ್ ಕೇಬಲುಗಳನ್ನೂ ಮಾರುತ್ತಾರೆ. ಚಿನ್ನದ ಲೇಪನಕ್ಕೆ ಅರ್ಥವಿರುವುದು ಲೋಹಕ್ಕೆ ಲೋಹ ತಾಗಿ ವಿದ್ಯುತ್ ಹರಿಯಬೇಕಾದ ಕಡೆ, ಅದು ತುಕ್ಕು ಹಿಡಿಯಬಾರದೆಂದು. ಬೆಳಕು ದಾಟುವ ತುದಿಗೆ ಅದರಿಂದ ಕವಡೆಯಷ್ಟೂ ಉಪಯೋಗವಿಲ್ಲ. 300 ರೂಪಾಯಿಯ ಸಾದಾ ಕೇಬಲ್ ನಮ್ಮಲ್ಲಿ ಮೊದಲ ದಿನದಂತೆಯೇ ಇಂದಿಗೂ ದುಡಿಯುತ್ತಿದೆ.

ಇಷ್ಟು ಒಳ್ಳೆಯ ಪೆಟ್ಟಿಗೆಯೊಂದಿಗೆ ಬರುವ ತಿಳಿವಳಿಕೆ ಪತ್ರ ಮಾತ್ರ ಕೊಳ್ಳುವವರಿಗೆ ನ್ಯಾಯ ಒದಗಿಸುವುದಿಲ್ಲ. ಡ್ಯಾಕ್ ನಡೆಯಲು 5 ವೋಲ್ಟ್ ವಿದ್ಯುತ್ ಬೇಕು. ಟಿವಿಯ ಯುಎಸ್‌ಬಿ ಪೋರ್ಟಿನಿಂದಲೇ ಅದನ್ನು ಪಡೆಯಬಹುದು, ಟಿವಿ ಆರಿದಾಗ ಪೆಟ್ಟಿಗೆಯೂ ಆರುತ್ತದೆ ಎಂದು ಪತ್ರ ಸಲಹೆ ಕೊಡುತ್ತದೆ. ಅದರಂತೆ ಮಾಡಿದರೆ ಗುಂಯ್ ಸದ್ದು ಹಿಂತಿರುಗುತ್ತದೆ! ಯುಎಸ್‌ಬಿ ತಂತಿಯ ನೆಗೆಟಿವ್ ಎಳೆ ಟಿವಿಯ ಗ್ರೌಂಡಿಗೂ, ಡ್ಯಾಕ್ ಮೂಲಕ ಆಂಪ್ಲಿಫೈಯರಿನ ಗ್ರೌಂಡಿಗೂ ಜೋಡಣೆಯಾಗಿ, ಬೆಳಕಿನ ಕೇಬಲಿನಿಂದ ತುಂಡರಿಸಿದ ಸುತ್ತನ್ನು ಹಿಂಬಾಗಿಲಿನಿಂದ ಮತ್ತೆ ಕೂಡಿಸಿಬಿಡುತ್ತದೆ. ಎರಡೂ ರೀತಿಯಲ್ಲಿ ಹಾಕಿ ಕೇಳಿದ ಮೇಲೆ ಡ್ಯಾಕ್‌ಗೆ ಬೇರೆಯದೇ ಎರಡು ಪಿನ್ನಿನ ಮೊಬೈಲ್ ಚಾರ್ಜರನ್ನು ಕೊಟ್ಟು, ಆಂಪ್ಲಿಫೈಯರ್ ಮತ್ತು ಚಾರ್ಜರ್ ಎರಡನ್ನೂ ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಆ ಸ್ವಿಚ್ ಒತ್ತಿ, ಆಂಪ್ಲಿಫೈಯರಿನ ದೀಪ ಹತ್ತಿದ್ದನ್ನು ನೋಡಿ, ಸ್ಪೀಕರುಗಳನ್ನು ಜೋಡಿಸುವ ಒಳಗಿನ ಸ್ವಿಚ್, ಅಂದರೆ ರಿಲೆ, ಟಕ್ಕೆಂದ ಮೇಲೆ ಗುಂಡಿಯನ್ನು ನಿಧಾನವಾಗಿ ಏರಿಸುವುದು ಈಗ ದಿನದ ಮೊದಲ ಕೆಲಸ. ಮಳೆಗಾಲದಲ್ಲಿ ಗುಡುಗು ಕೇಳಿದೊಡನೆ ಅವ್ವ ಡಿಶ್ ಕೇಬಲನ್ನೂ ಬೋರ್ಡಿನ ಪ್ಲಗ್ಗನ್ನೂ ಕೀಳಿಸುತ್ತಾರೆ. ಅದು ಸರಿಯಾದ ಕ್ರಮವೇ. ಸಿಡಿಲಿನ ಹೊಡೆತ ಟಿವಿಯಿಂದ ಆಂಪ್ಲಿಫೈಯರಿಗೆ ಹಾಯಲು ಈಗ ಲೋಹದ ದಾರಿ ಇಲ್ಲವಾದರೂ, ಗೋಡೆಯ ವಿದ್ಯುತ್ತಿನ ದಾರಿ ಇದ್ದೇ ಇದೆ.

ಇಷ್ಟರವರೆಗೆ ಹೊಗಳಿದ್ದೇನೆ. ಆದರೆ ಮನೆಯ ಉಳಿದವರ ದೃಷ್ಟಿಯಿಂದ ನೋಡಿದರೆ ಈ ಪೆಟ್ಟಿಗೆಯ ಮೇಲೆ ಎರಡು ದೂರುಗಳಿವೆ, ಎರಡೂ ಸಣ್ಣವಲ್ಲ.

ಮೊದಲನೆಯದು, ಇದ್ದಕ್ಕಿದ್ದಂತೆ ಧ್ವನಿ ಮಾಯವಾಗುವುದು. ಟಿವಿಯ ಆಪ್ಟಿಕಲ್ ಪೋರ್ಟ್ ಎರಡು ಬಗೆಯಲ್ಲಿ ಧ್ವನಿಯನ್ನು ಕಳಿಸಬಲ್ಲದು: ಯಾವ ಸಂಕೋಚನೆಯೂ ಇಲ್ಲದ ಎರಡು ಚಾನೆಲ್ಲಿನ ಪಿಸಿಎಂ, ಅಥವಾ ಐದಾರು ಸ್ಪೀಕರುಗಳ ಧ್ವನಿಯನ್ನು ಒತ್ತಿ ಕಟ್ಟಿದ ಡಾಲ್ಬಿ ಡಿಜಿಟಲ್. ನಾನು ಕೊಂಡ ಪೆಟ್ಟಿಗೆಗೆ ಅರ್ಥವಾಗುವುದು ಪಿಸಿಎಂ ಮಾತ್ರ. ಡಾಲ್ಬಿಯ ಕಟ್ಟನ್ನು ಬಿಚ್ಚಿ ಓದುವ ಸಾಮರ್ಥ್ಯ ಅದಕ್ಕಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬುದನ್ನು ‘ಆಟೊ’ದಿಂದ ‘ಪಿಸಿಎಂ’ಗೆ ಬದಲಿಸಿದರೆ ಟಿವಿಯೇ ಎಲ್ಲವನ್ನೂ ಎರಡು ಚಾನೆಲ್ಲಿಗೆ ಇಳಿಸಿ ಕೊಡುತ್ತದೆ. ತೊಂದರೆಯೆಂದರೆ ನಮ್ಮ ಟಿವಿ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗಲೆಲ್ಲ ಈ ಸೆಟ್ಟಿಂಗನ್ನು ಮರಳಿ ‘ಆಟೊ’ಕ್ಕೆ ತಂದುಬಿಡುತ್ತದೆ. ಆಗ ಡಿಶ್‌ನ ವಾಹಿನಿಗಳಲ್ಲಿ ಧ್ವನಿ ಎಂದಿನಂತೆ ಇರುತ್ತದೆ, ಒಟಿಟಿಯ ಸಿನಿಮಾ ಹಾಕಿದರೆ ಮಾತ್ರ ಮೌನ, ಇಲ್ಲವೇ ಚರಚರ ಸದ್ದು. ನಾನು ಕಚೇರಿಯಲ್ಲಿರುವಾಗ ಫೋನು ಬರುತ್ತದೆ: “ತಮ್ಮಾ, ಟಿವಿ ಮಾತಾಡವಲ್ದು ನೋಡು.” ಫೋನಿನಲ್ಲೇ ಮೆನುವಿನ ಒಂದೊಂದು ಸಾಲನ್ನೂ ಹೇಳಿ ಸರಿಪಡಿಸಬೇಕು. ಡಾಲ್ಬಿ ಬಿಡಿಸಬಲ್ಲ ಡ್ಯಾಕ್ ಪೆಟ್ಟಿಗೆಗಳು ಇನ್ನಷ್ಟು ಹಣಕ್ಕೆ ಸಿಗುತ್ತವೆ. ಮನೆಯಲ್ಲಿ ಹಿರಿಯರೇ ಹೆಚ್ಚಾಗಿ ಟಿವಿ ನೋಡುವುದಾದರೆ ಆ ಹಣವನ್ನು ಕೊಡುವುದೇ ಲೇಸು.

ಎರಡನೆಯ ದೂರು ರಿಮೋಟಿನದು. ಆಪ್ಟಿಕಲ್ ಪೋರ್ಟಿನಿಂದ ಹೊರಡುವ ಧ್ವನಿಯ ಮಟ್ಟ ಬಹುತೇಕ ಟಿವಿಗಳಲ್ಲಿ ಸ್ಥಿರ. ರಿಮೋಟಿನ ವಾಲ್ಯೂಮ್ ಗುಂಡಿ ಎಷ್ಟು ಒತ್ತಿದರೂ ಬದಲಾಗುವುದಿಲ್ಲ. ನಮ್ಮ ಆಂಪ್ಲಿಫೈಯರ್ ರಿಮೋಟ್ ಇಲ್ಲದ ಕಾಲದ್ದು. ಧಾರಾವಾಹಿಯ ನಡುವೆ ಜಾಹೀರಾತು ಅಬ್ಬರಿಸಿದಾಗ ಎದ್ದು ಹೋಗಿ ಗುಂಡಿ ತಿರುಗಿಸಬೇಕು, ಧಾರಾವಾಹಿ ಶುರುವಾದಾಗ ಮತ್ತೆ ಏಳಬೇಕು. ಮಂಡಿನೋವಿರುವ ಅವ್ವನಿಗೆ ಇದು ಹಿಂಸೆಯೇ ಸರಿ. ಈ ಕೊರತೆ ಮಾರಾಟದ ಪುಟದಲ್ಲಿ ಎಲ್ಲಿಯೂ ಕಾಣುವುದಿಲ್ಲ, ಕಾಣಬೇಕಾಗಿತ್ತು.

ಈ ದೂರಿಗೆ ಸಿದ್ಧ ಪರಿಹಾರವೆಂದು ಎಲ್ಲರೂ ಎಚ್‌ಡಿಎಂಐ ಎಆರ್‌ಸಿಯತ್ತ ಬೆರಳು ತೋರಿಸುತ್ತಾರೆ. 2009ರ ಎಚ್‌ಡಿಎಂಐ 1.4 ಆವೃತ್ತಿಯೊಂದಿಗೆ ಬಂದ ಈ ಸೌಲಭ್ಯದಲ್ಲಿ, ಟಿವಿಗೆ ಚಿತ್ರ ತರುವ ಬಗೆಯ ಕೇಬಲೇ ಟಿವಿಯ ಧ್ವನಿಯನ್ನು ಹಿಂದಕ್ಕೆ ಒಯ್ಯುತ್ತದೆ. ಕೇಬಲಿನ 19 ಪಿನ್ನುಗಳಲ್ಲಿ 13ನೆಯದು ಸಿಇಸಿ ಎಂಬ ಆಜ್ಞೆಗಳ ದಾರಿ. ಟಿವಿ ರಿಮೋಟಿನ ವಾಲ್ಯೂಮ್ ಆಜ್ಞೆ ಅದರ ಮೂಲಕ ಹೊರಗಿನ ಉಪಕರಣವನ್ನು ಮುಟ್ಟುತ್ತದೆ. ಆಪ್ಟಿಕಲ್ ಒಯ್ಯಲಾಗದ ಡಾಲ್ಬಿ ಡಿಜಿಟಲ್ ಪ್ಲಸ್‌ನ್ನೂ ಎಆರ್‌ಸಿ ಒಯ್ಯಬಲ್ಲದು. 2017ರ ಎಚ್‌ಡಿಎಂಐ 2.1ರ ಜೊತೆ ಬಂದ ಅದರ ಮುಂದುವರಿದ ರೂಪ ಇಎಆರ್‌ಸಿಯ ದಾರಿ ಇನ್ನೂ ವಿಶಾಲ. ಎರಡೇ ಸ್ಪೀಕರಿನ ಮನೆಗೆ ಆ ವೈಶಾಲ್ಯದಿಂದ ಆಗಬೇಕಾದದ್ದೇನೂ ಇಲ್ಲ, ರಿಮೋಟಿನ ಅನುಕೂಲ ಮಾತ್ರ ನಿಜಕ್ಕೂ ದೊಡ್ಡದು. ಸಹೋದ್ಯೋಗಿಯೊಬ್ಬರು ತಮ್ಮ ಎಆರ್‌ಸಿ ಡ್ಯಾಕ್ ಪೆಟ್ಟಿಗೆಯನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟಿದ್ದರು. ಟಿವಿ ರಿಮೋಟಿನಿಂದಲೇ ಧ್ವನಿ ಏರಿತು, ಇಳಿಯಿತು. ಅವ್ವನಿಗೆ ಬಹಳ ಹಿಡಿಸಿತು. ಆದರೆ ಎಚ್‌ಡಿಎಂಐ ಕೇಬಲ್ ಲೋಹದ್ದು, ಅದರ ಕವಚವೂ ಲೋಹದ್ದು. ಟಿವಿಯ ಗ್ರೌಂಡ್ ಮತ್ತು ಆಂಪ್ಲಿಫೈಯರಿನ ಗ್ರೌಂಡ್ ಮತ್ತೆ ಕೈಹಿಡಿದವು, ಗುಂಯ್ ಸದ್ದು ಮೊದಲಿನ ಜಾಗಕ್ಕೆ ಬಂದು ಕುಳಿತಿತು. ಸದ್ದಡಗಿಸಲು ಆಂಪ್ಲಿಫೈಯರಿನ ಅರ್ಥಿಂಗ್ ಪಿನ್ನನ್ನೇ ಕತ್ತರಿಸಿರಿ ಎಂದು ಸಲಹೆ ಕೊಡುವವರಿದ್ದಾರೆ. ಅದನ್ನು ಯಾರೂ ಮಾಡಬಾರದು. ಉಪಕರಣದ ಒಳಗೆ ವಿದ್ಯುತ್ ಸೋರಿದರೆ ನಮ್ಮ ಜೀವ ಉಳಿಸುವುದು ಆ ಪಿನ್ನು.

ಆದ್ದರಿಂದ ರಿಮೋಟ್ ಬೇಕೋ ನಿಶ್ಶಬ್ದ ಬೇಕೋ ಎಂಬ ಆಯ್ಕೆಯಲ್ಲಿ ನಾನು ನಿಶ್ಶಬ್ದವನ್ನು ಉಳಿಸಿಕೊಂಡಿದ್ದೇನೆ. ಅವ್ವನಿಗಾಗಿ ಟಿವಿಯ ಮೆನುವಿನಲ್ಲಿ ‘ಟಿವಿ ಸ್ಪೀಕರ್ ಮತ್ತು ಆಪ್ಟಿಕಲ್’ ಎರಡೂ ಒಟ್ಟಿಗೆ ನಡೆಯುವ ಆಯ್ಕೆಯನ್ನು ಹಾಕಿಟ್ಟಿದ್ದೇನೆ. ಧಾರಾವಾಹಿಯ ವೇಳೆ ಆಂಪ್ಲಿಫೈಯರಿನ ಬೋರ್ಡ್ ಆರಿರುತ್ತದೆ, ಅವರ ರಿಮೋಟ್ ಟಿವಿಯ ಸ್ವಂತ ಸ್ಪೀಕರನ್ನು ಏರಿಳಿಸುತ್ತದೆ. ಸಂಗೀತ ಕೇಳುವಾಗ ಟಿವಿಯ ವಾಲ್ಯೂಮನ್ನು ಸೊನ್ನೆಗಿಳಿಸಿ ಆಂಪ್ಲಿಫೈಯರ್ ಹಚ್ಚುತ್ತೇನೆ. ಈ ಆಯ್ಕೆ ಎಲ್ಲ ಟಿವಿಗಳಲ್ಲೂ ಇರುವುದಿಲ್ಲ. ಪೆಟ್ಟಿಗೆ ತರಿಸುವ ಮೊದಲು ಮೆನುವನ್ನು ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ಸ್ಪೀಕರ್ ತಂತಿಯ ಬಗ್ಗೆ ಕೇಳುವವರಿಗೆ ಒಂದೆರಡು ಮಾತು. ಮನೆಯ ನಡುಕೋಣೆಯ ಅಳತೆಗೆ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರಿನ, ಬಹು ಎಳೆಗಳ ಶುದ್ಧ ತಾಮ್ರದ ತಂತಿ ಸಾಕು. ಹತ್ತು ಮೀಟರು ಎಳೆದರೂ ಹೋಗಿ ಬರುವ ಎರಡೆಳೆಗಳ ಒಟ್ಟು ರೋಧ ಸುಮಾರು 0.27 ಓಮ್, 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಯೂ ಮಾರುಕಟ್ಟೆಯಲ್ಲಿದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ಎರಡೂ ಸ್ಪೀಕರುಗಳಲ್ಲಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಪ್ಪದೆ ಸೇರಿರಬೇಕು. ಒಂದರಲ್ಲಿ ಅದಲುಬದಲಾದರೆ ತಬಲಾದ ಡಗ್ಗೆಯ ಗುಮುಕು ತೆಳುವಾಗಿ, ಗಾಯಕರ ಧ್ವನಿ ನಡುವೆ ನಿಲ್ಲದೆ ಕೋಣೆಯಲ್ಲೆಲ್ಲ ಚದುರುತ್ತದೆ.

ಹಳೆಯ ಆಂಪ್ಲಿಫೈಯರಿನ ಜೊತೆಗೆ ಗುಂಯ್ ಸದ್ದಿನ ಕಾಟವೂ ಇರುವವರು ಈ ಬಗೆಯ ಆಪ್ಟಿಕಲ್ ಪೆಟ್ಟಿಗೆಯನ್ನು ಧೈರ್ಯವಾಗಿ ಕೊಳ್ಳಬಹುದು. ನಾನು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಡಿಶ್ ಕೇಬಲ್ ಬಿಚ್ಚಿದರೂ ಸಿಕ್ಕಿಸಿದರೂ ನಿಮ್ಮ ಸ್ಪೀಕರುಗಳು ಸುಮ್ಮನಿದ್ದರೆ ನಿಮ್ಮಲ್ಲಿ ಈ ತೊಂದರೆ ಇಲ್ಲವೆಂದೇ ತಿಳಿಯಿರಿ. ಅಂಥವರು ಇನ್ನಷ್ಟು ಹಣ ಕೂಡಿಸಿ ಸಿಇಸಿ ಇರುವ ಎಆರ್‌ಸಿ ಪೆಟ್ಟಿಗೆಯನ್ನೇ ತರಲಿ. ಯಾವುದನ್ನು ತಂದರೂ ವಾಪಸಾತಿಯ ಅವಧಿ ಮುಗಿಯುವುದರೊಳಗೆ ಡಿಶ್ ಕೇಬಲ್ ಸಿಕ್ಕಿಸಿಕೊಂಡೇ, ಒಂದು ಒಟಿಟಿ ಸಿನಿಮಾ ಮತ್ತು ಒಂದು ಮೆಲುದನಿಯ ಹಾಡು, ಎರಡನ್ನೂ ಹಾಕಿ ಕೇಳಿರಿ.