ಮಳೆಗಾಲದ ಮೇವು: ಲಾರಿ ಹುಲ್ಲು, ನೇಪಿಯರ್, ಅಡಿಕೆ ಹಾಳೆ

ಶಿರಸಿ, ಸಿದ್ದಾಪುರ ಕಡೆ ದನ ಕಟ್ಟಿದವರಿಗೆ ಮೇವಿನ ಚಿಂತೆ ಬೇಸಿಗೆಗಿಂತ ಮಳೆಗಾಲದಲ್ಲೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿಹುಲ್ಲು ಬೇಕಾದಷ್ಟು, ಒಣಮೇವಿಗೇ ಬರ. ಬರೀ ಹಸಿ ತಿಂದರೆ ಸಗಣಿ ನೀರಾಗುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಜರ್ಸಿ ಮಿಶ್ರತಳಿಯೂ ಇದೆ, ನಮ್ಮ ಕಡೆಯ ಸಣ್ಣ ಗಾತ್ರದ ನಾಟಿ ತಳಿ ಮಲೆನಾಡು ಗಿಡ್ಡವೂ ಇದೆ. ಎರಡಕ್ಕೂ ಹಾಕಿ ನೋಡಿದ್ದನ್ನು ಹೇಳುತ್ತೇನೆ.

ಹಾನಗಲ್, ಮುಂಡಗೋಡ ಕಡೆಯಿಂದ ಬರುವ ಭತ್ತದ ಹುಲ್ಲನ್ನು ದನ ತಕರಾರಿಲ್ಲದೆ ತಿನ್ನುತ್ತದೆ. ಆದರೆ ಲಾರಿ ಬಾಡಿಗೆ ಸೇರಿ ದುಬಾರಿ. ಯಂತ್ರ ಸುತ್ತಿದ ಪಿಂಡಿಯಾದರೆ ಒಳಗೆ ಕೈ ತೂರಿಸಿ ನೋಡಿ. ಬಿಸಿ ತಗುಲಿದರೆ, ಮುಗ್ಗಲು ವಾಸನೆ ಬಂದರೆ ಇಳಿಸಲೇಬೇಡಿ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ನೀರಲ್ಲಿ ಕದಡಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಹುಲ್ಲಿನ ಸತ್ವ ಹೆಚ್ಚುತ್ತದೆ ನಿಜ. ನಮ್ಮಲ್ಲಿ ಅದನ್ನು ಮೇ ತಿಂಗಳೊಳಗೆ ಮುಗಿಸಬೇಕು. ಸಣ್ಣ ಕರುಗಳಿಗೆ ಅದು ಬೇಡ.

ಮೇವಿಗೆಂದೇ ಬೆಳೆಯುವ ಎತ್ತರದ ಹಸಿಹುಲ್ಲು ನೇಪಿಯರ್, ಅದರಲ್ಲಿ ಸಿಓ-4 ತಳಿ ಹಾಲಿಗೆ ಒಳ್ಳೆಯದು. ಒಮ್ಮೆ ಬೇರೂರಿದರೆ 45 ದಿನಕ್ಕೊಮ್ಮೆ ಕೊಯ್ಯಬಹುದು. ಬಿಟ್ಟರೆ ದಂಟು ಬಲಿಯುತ್ತದೆ. ತೋಟದ ನೆರಳಲ್ಲಿ ಮಾತ್ರ ಸೊರಗುತ್ತದೆ, ಬಯಲಲ್ಲಿ ನೆಟ್ಟರೆ ಕಾಡುಕೋಣದ ಕಾಟ. ಮಳೆಗಾಲದಲ್ಲಿ ಇದರಲ್ಲಿ ನೀರೇ ಜಾಸ್ತಿ, ಹಾಗಾಗಿ ಒಣಮೇವಿನ ಕೊರತೆಯನ್ನು ಇದು ನೀಗಿಸುವುದಿಲ್ಲ.

ಚೀಲದ ರಸಮೇವು, ಅಂದರೆ ಹಸಿಮೇವನ್ನು ಗಾಳಿಯಾಡದಂತೆ ತುಂಬಿ ಹುಳಿ ಬರಿಸಿದ ಸೈಲೇಜ್, ಏಳೆಂಟು ಹಸು ಇದ್ದವರಿಗೆ ಸರಿ. ಒಂದೆರಡು ಇದ್ದವರು ಬಿಚ್ಚಿದ ಚೀಲ ಖಾಲಿ ಮಾಡುವುದರೊಳಗೆ ಬೂಸ್ಟು ಹಿಡಿಯುತ್ತದೆ.

ನನ್ನ ಮಟ್ಟಿಗೆ ಗೆದ್ದಿದ್ದು ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲ ಭಾಗ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಬೀಳಿಸುತ್ತದೆ. ಎಕರೆಗೆ 550 ಮರ ಅಂದರೂ 3,000ಕ್ಕೂ ಮೇಲಾಯಿತು, ಅಲ್ವಾ? ಅಷ್ಟೂ ತೋಟದಲ್ಲಿ ಸುಮ್ನೆ ಕೊಳೆಯುತ್ತದೆ, ನಾವು ಲಾರಿಗೆ ಕಾಯುತ್ತೇವೆ! ಬೇಸಿಗೆಯಲ್ಲಿ ಬಿದ್ದದ್ದನ್ನು ಆಗಾಗ ಹೆಕ್ಕಿ, ಸೋಗೆ ಕಡಿದು, ಗರಿಗರಿಯಾಗಿ ಒಣಗಿಸಿ ಅಟ್ಟಕ್ಕೆ ಹಾಕಬೇಕು. ಬೇಕಾದಾಗ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಸಣ್ಣಗೆ ಹೆಚ್ಚಿ, ಅಕ್ಕಚ್ಚಿನಲ್ಲಿ (ಅಕ್ಕಿ ತೊಳೆದ ನೀರು) ನೆನೆಸಿ, ಮೇಲೆ ಒಂದು ಹಿಡಿ ಬೂಸಾ. ಗಿಡ್ಡ ಮೊದಲ ದಿನವೇ ಬುಟ್ಟಿ ಖಾಲಿ ಮಾಡಿತು. ಜರ್ಸಿ ಬೂಸಾ ಅಷ್ಟೇ ನೆಕ್ಕಿ, ಹಾಳೆಯನ್ನು ಮೂತಿಯಿಂದ ಬದಿಗೆ ತಳ್ಳಿತು. ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿದ ಮೇಲೆ ಒಗ್ಗಿಕೊಂಡಿತು.

ಹುಲ್ಲಿನ ಹಾಗೆ ಹಾಳೆಯಲ್ಲೂ ಪ್ರೋಟೀನ್ ಕಡಿಮೆ. ಹಿಂಡಿ ಕೊಡಲೇಬೇಕು. ಈಗ ನಮ್ಮಲ್ಲಿ ಒಣಮೇವಿನ ಅರ್ಧ ಹಾಳೆ, ಅರ್ಧ ಹುಲ್ಲು, ಜೊತೆಗೆ ನೇಪಿಯರ್. ಹಾಲು ಕಡಿಮೆಯಾಗಿಲ್ಲ, ಹುಲ್ಲಿನ ಖರ್ಚು ಅರ್ಧಕ್ಕೆ ಇಳಿದಿದೆ. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ ಬಿದ್ದ ಹಾಳೆಯನ್ನು ಮಾತ್ರ ದನಕ್ಕೆ ಹಾಕಬೇಡಿ, ಅದರಲ್ಲಿ ಮೈಲುತುತ್ತದ ಅಂಶ ಉಳಿದಿರುತ್ತದೆ. ಇನ್ನು ತಟ್ಟೆ ಮಾಡುವವರು ಹಾಳೆ ಕೇಳಿಕೊಂಡು ಬಂದರೆ, ಅಗಲವಾದ, ಕಲೆಯಿಲ್ಲದ್ದನ್ನು ಕೊಡಿ. ಸೀಳಿದ್ದು, ಸಣ್ಣದ್ದು ಕೊಟ್ಟಿಗೆಗೆ ಸಾಕು.