ಹಿಂಡಿ, ಬೂತಾಯಿ, ಸಿಗ್ಡಿ ತಲೆ: ಸಮುದ್ರದ ಮೀನು ಯಾವ್ದಕ್ಕೆ ಬರುತ್ತೆ?

ನಾನು ಕುಣಿಗಲ್ ಕಡೆಯವ್ನು, ಗಾಳ ಹಾಕೋದು ಕಲ್ತಿದ್ದೆಲ್ಲಾ ಕೆರೆ ಏರಿ ಮೇಲೇನೇ. ಕೆರೇಲಿ ಮೀನು ಕರೆಯೋದು ಸುಲಭ, ಕಡ್ಲೇಕಾಯಿ ಹಿಂಡಿ ರಾತ್ರಿ ನೆನೆಹಾಕಿ ಬೂಸಾ ಗೋಧಿಹಿಟ್ಟು ಕಲ್ಸಿ ಕಿತ್ಲೆಹಣ್ಣು ಗಾತ್ರ ಉಂಡೆ ಕಟ್ಟಿ ನಾಲ್ಕು ಎಸೆದ್ರೆ ಅರ್ಧ ಗಂಟೇಲಿ ನೀರಲ್ಲಿ ಗುಳ್ಳೆ ಏಳುತ್ತೆ, ರೋಹುನೋ ಗೆಂಡೇನೋ ಬಂತು ಅಂತ ಲೆಕ್ಕ. ಅಕ್ಕನ್ನ ಉಡುಪಿಗೆ ಕೊಟ್ಟಿರೋದ್ರಿಂದ ಹೋದ ಚಳಿಗಾಲದಲ್ಲಿ ಮೂರು ಸಲ ಶಿರಾಡಿ ಘಾಟಿ ಇಳಿದು ಮಲ್ಪೆ ಕಡೆ ಹೋದೆ, ಒಂದೊಂದು ಸಲ ಒಂದೊಂದು ಹಾಕಿ ನೋಡ್ದೆ.

ಮೊದಲ್ನೇ ಸಲ ಡಿಕ್ಕೀಲಿ 3 ಕೆಜಿ ಹಿಂಡಿ. ನಮ್ ಕಡೆ ಶಿರಾ ಪಾವಗಡದಲ್ಲಿ ಕಡ್ಲೇಕಾಯಿಗೇನು ಬರಾನಾ, ಊರಲ್ಲಿ ಚೀಪಾಗಿ ಸಿಕ್ತು. ಅಳಿವೆ (ಹೊಳೆ ಸಮುದ್ರ ಸೇರೋ ಜಾಗ) ಹತ್ರ ಕಲ್ಲು ಹಾಕಿರೋ ಕಡೆ ನಿಂತು ಉಂಡೆ ಎಸೀತಾ ಇದ್ರೆ ಪಕ್ಕದಲ್ಲಿ ಗಾಳ ಹಾಕ್ತಿದ್ದ ಅಜ್ಜ ಒಬ್ರು ಸ್ವಲ್ಪ ಹೊತ್ತು ನೋಡಿ "ಎಂತ ಮಾರಾಯ್ರೆ, ದನಕ್ಕೆ ಹಾಕುದನ್ನು ಮೀನಿಗೆ ಹಾಕ್ತೀರಾ?" ಅಂದ್ರು. ನಗಾಡಿದ್ರೂ ಅವ್ರು ಹೇಳಿದ್ದೇ ನಿಜ ಆಯ್ತು. ಕೆರೆ ಗೆಂಡೆ ಕಾಳು ಹಿಟ್ಟು ತಿನ್ನುತ್ತೆ, ಇಲ್ಲಿ ದಡದ ಹತ್ರ ಗಾಳಕ್ಕೆ ಬೀಳೋವು ಹೆಚ್ಚಿನವು ಸಿಗ್ಡಿ (ಸೀಗಡಿ), ಹುಳ, ಸಣ್ಣ ಮೀನು ತಿನ್ನೋ ಜಾತಿ. ನಾಲ್ಕು ಗಂಟೇಲಿ ಬೆರಳುದ್ದದ್ದು ಎರಡು. ಅಲೆ ಹೊಡೆತಕ್ಕೆ ಉಂಡೆ ಎರಡೇ ನಿಮಿಷಕ್ಕೆ ಪುಡಿ ಆಗೋಗುತ್ತೆ, ಕೆರೇಲಿ ಆದ್ರೆ ಹಾಕಿದ್ ಜಾಗದಲ್ಲೇ ಕೂತಿರುತ್ತೆ. ಮಿಕ್ಕಿದ್ ಹಿಂಡೀನ ನಿಜವಾಗ್ಲೂ ಅಕ್ಕನ ಪಕ್ಕದ ಮನೆ ದನಕ್ಕೇ ಹಾಕಿದ್ದು.

ಎರಡನೇ ಸಲ ಬೂತಾಯಿ, ಅಂದ್ರೆ ಸಾರ್ಡೀನ್ ಮೀನು. ಬಂದರಲ್ಲಿ ನಜ್ಜುಗುಜ್ಜಾಗಿರೋದು ಕಮ್ಮಿಗೆ ಕೊಡ್ತಾರೆ, 2 ಕೆಜಿ ತಗೊಂಡು ಕಲ್ಲಲ್ಲಿ ಜಜ್ಜಿ ಬಕೆಟ್ಟಲ್ಲಿ ಉಪ್ಪುನೀರು ಹುಯ್ದು ಕಲ್ಸಿದೆ. ವಾಸನೆ ವಿಷಯದಲ್ಲಿ ಇದನ್ನ ಮೀರ್ಸೋದು ಇಲ್ಲ ಬಿಡಿ, ಎಣ್ಣೆ ಜಾಸ್ತಿ ಇರೋ ಮೀನು, ನೀರ್ ಮೇಲೆ ಎಣ್ಣೆ ಪದರ ಹರ್ಡ್ಕೊಂಡು ಹೋಗೋದು ಕಣ್ಣಿಗೇ ಕಾಣುತ್ತೆ. ತೊಂದ್ರೆ ಏನಂದ್ರೆ ಎಣ್ಣೆ ತೇಲುತ್ತೆ, ನನ್ ಸೀಸದ ಗುಂಡು ತಳದಲ್ಲಿ ಕೂತಿದೆ, ಕೈಯಲ್ಲಿ ಎರಚಿದ್ದೆಲ್ಲಾ ಇಳಿತದ ಸೆಳೆತಕ್ಕೆ ಸಿಕ್ಕಿ ಸೀದಾ ಅಳಿವೆಯಿಂದ ಆಚೆ, ಮೀನೂ ಅದರ ಹಿಂದೇನೇ ಹೋಗುತ್ತೆ. ಅಂದ್ರೆ ನಾನು ಕರೆದು ಊಟ ಹಾಕಿದ್ದು ಯಾರದೋ ಗಾಳದ ಮೀನಿಗೆ. ಮೇಲಿಂದ ಗರುಡ ಕಾಗೆ ಬೇರೆ, ಒಂದ್ ಗರುಡ ಅಂತೂ ಬಕೆಟ್ಟಿಗೇ ಬಾಯ್ ಹಾಕ್ತು. ಕೊನೆಗೆ ತೋಚಿದ್ದು ಒದ್ದೆ ಮರಳು ಕಲ್ಸಿ ಮುಷ್ಟಿ ಮಾಡಿ ಹಾಕೋದು, ಮರಳಿನ ಭಾರಕ್ಕೆ ತಳಕ್ಕೆ ಹೋಗುತ್ತೆ. ಆಮೇಲೆ ಬಂಗುಡೆ ಮೂರು ಬಂದ್ವು.

ಮೂರನೇ ಸಲದ್ದು ಸಿಗ್ಡಿ ತಲೆ ಸಿಪ್ಪೆ, ನನ್ ಓಟು ಇದಕ್ಕೇ. ಸಿಗ್ಡಿ ಕ್ಲೀನ್ ಮಾಡೋ ಕಡೆ ಕೇಳಿದ್ರೆ ಕಾಸೂ ತಗೊಳ್ಲಿಲ್ಲ. ಒಂದ್ ಕೆಜೀನ ಒರಟಾಗಿ ಜಜ್ಜಿ (ನುಣ್ಣಗೆ ಮಾಡ್ಬೇಡಿ, ಒಂದೇ ಸಲಕ್ಕೆ ಖಾಲಿ ಆಗುತ್ತೆ) ಈರುಳ್ಳಿ ಬರೋ ನೆಟ್ ಚೀಲಕ್ಕೆ ತುಂಬಿ, ಜೊತೆಗೊಂದು ಕಲ್ಲು ಹಾಕಿ, ಬಾಯಿ ಕಟ್ಟಿ ನೈಲಾನ್ ಹಗ್ಗದಲ್ಲಿ ಇಳಿಬಿಟ್ಟೆ. ಅಲೆ ಬಂದಾಗೆಲ್ಲಾ ಚೀಲ ಅಲ್ಲಾಡುತ್ತೆ, ಚೂರು ಚೂರು ಹೊರಗೆ ಬರುತ್ತೆ, ಹತ್ತು ನಿಮಿಷಕ್ಕೊಂದ್ಸಲ ಹಗ್ಗ ಜಗ್ಗಿದ್ರೆ ಸಾಕು. ಮುಖ್ಯ ಅಂದ್ರೆ ಚೀಲದಿಂದ ನೀರು ಯಾವ್ ಕಡೆ ಹರೀತಿದೆ ನೋಡ್ಕೊಂಡು ಅದೇ ದಾರೀಲಿ ನಾಲ್ಕೈದು ಮಾರು ದೂರ ಹುಕ್ ಬಿಡ್ಬೇಕು, ಹುಕ್ಕಿಗೂ ಸಿಗ್ಡೀನೇ. ನೀರು ಏರೋ ಎರಡ್ ಗಂಟೇಲಿ ಕೆಂಬೇರಿ ಸಣ್ಣದು ಎರಡು, ಇನ್ನೂ ಹೆಸ್ರು ಗೊತ್ತಿಲ್ದಿರೋವು ಐದಾರು. ಏಡಿ ಕಾಟ ಮಾತ್ರ ಇದ್ದೇ ಇದೆ, ಚೀಲಾನೇ ಕತ್ತರಿಸಿ ಹಾಕ್ತವೆ, ಎರಡ್ ಚೀಲ ಇಟ್ಕೊಳ್ಳಿ.

ಮರಳು ಬೀಚಲ್ಲಿ ಚೀಲ ನೇತಾಕಕ್ಕೆ ಜಾಗ ಇರಲ್ಲ. ಅಲ್ಲಿ ನೀರು ಏರ್ತಾ ಇರೋವಾಗ ಅಲೆ ಬಂದು ಮುಟ್ಟೋ ಗೆರೆ ಹತ್ರ ಅದೇ ಚೀಲಾನ ಅರ್ಧ ಹೂತು ಗೂಟ ಹೊಡೆದು ಕಟ್ಟಿದ್ದೆ, ಅಲೆ ತಾನೇ ತೊಳ್ಕೊಂಡು ಹೋಗುತ್ತೆ. ಕಾಣೆ ಮೀನು ನಾಲ್ಕು ಸಿಕ್ವು. ಅಕ್ಕ ರವಾ ಫ್ರೈ ಮಾಡಿದ್ಲು, ಭಾವ ಮಾತಾಡ್ದೆ ತಿಂದ್ರು.

ಲೈಟೂ ಒಂದ್ ರಾತ್ರಿ ನೋಡ್ದೆ. ಲೈಟಿಗೆ ಸಣ್ಣ ಹುಳ ಹುಪ್ಪಟೆ ಸೇರಿ ಅದಕ್ಕೆ ಮರಿಮೀನು ಸೇರುತ್ತೆ ಅನ್ನೋದು ನಿಜ, ಆದ್ರೆ ನಾನ್ ಹೋಗಿದ್ದು ಹುಣ್ಮೆ ಹಿಂದಿನ್ ದಿನ, ಬೆಳದಿಂಗಳಲ್ಲಿ ನನ್ ಟಾರ್ಚನ್ನ ಯಾರ್ ಕೇಳ್ತಾರೆ. ಬೋಟಲ್ಲಿ ಎಲ್‌ಇಡಿ ಹಾಕಿ ಹಿಡಿಯೋದನ್ನ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ, ಮರಿಮೀನು ಸಮೇತ ಬಾಚ್ಕೊಂಡು ಹೋಗುತ್ತೆ ಅಂತ.

ಇನ್ನೊಂದು, ಅಮಾಸೆ ಹುಣ್ಮೆ ಅಕ್ಕಪಕ್ಕ ಸೆಳೆತ ಜೋರು, ಆಗ ಬೂತಾಯಿ ಎರಚೋದು ದುಡ್ಡು ನೀರಿಗೆ ಹಾಕ್ದಂಗೆ, ಚೀಲಾನೇ ಸರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ನಿನ್ನೆ ಟೈಮಿಗೇ ಹೋಗಿ ನಿಂತ್ಕೋಬೇಡಿ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ, ಅಲೆ ಆಳೆತ್ತರ, ಆ ಕಡೆ ತಲೆ ಹಾಕ್ಲೇಬೇಡಿ.

ಸಿಗ್ಡಿ ಸಿಪ್ಪೆ ಮಿಕ್ಕಿದ್ದನ್ನ ಊರಿನ ಕೆರೇಲೂ ಹಾಕಿ ನೋಡಣ ಅಂತ ಕವರಲ್ಲಿ ಕಟ್ಕೊಂಡು ತಂದೆ. ಸಕಲೇಶಪುರ ದಾಟೋ ಹೊತ್ತಿಗೆ ಕಾರಲ್ಲಿ ಮನೆಯವ್ಳು ಕಿಟಕಿಯಿಂದ ತಲೆ ಆಚೆ ಹಾಕಿ ಕೂತಿದ್ಲು, ಹಾಸನದಲ್ಲಿ ಕವರ್ ಎಸೆದೆ.