ಕವಲೇದುರ್ಗ: ಬರೀ ಸನ್‌ಸೆಟ್ ನೋಡೋಕೆ ಹೋಗ್ಬೇಡಿ (5ಕ್ಕೆ 4)

ಮೊದಲೇ ಹೇಳ್ಬಿಡ್ತೀನಿ, ಇದು ಚಿತ್ರದುರ್ಗದ ಹಾಗೆ ದೂರದಿಂದಲೇ ಎದ್ದು ಕಾಣೋ ಕೋಟೆ ಅಲ್ಲ. ತೀರ್ಥಹಳ್ಳಿಯಿಂದ ಸುಮಾರು 20 ಕಿಲೋಮೀಟರ್, ಊರಲ್ಲಿ ಗಾಡಿ ಬಿಟ್ಟು ಗದ್ದೆ ಪಕ್ಕ ಕೆರೆ ಪಕ್ಕ ನಡ್ಕೊಂಡು ಹೋಗ್ಬೇಕು, ಆಮೇಲೆ ಕಾಡು ಶುರು, ಕೋಟೆ ಗೋಡೆ ಮೂಗಿಗೆ ತಾಗೋವರೆಗೂ ಈ ಗುಡ್ಡದ ಮೇಲೆ ಒಂದು ಊರೇ ಇತ್ತು ಅಂತ ಅನ್ಸೋದೇ ಇಲ್ಲ. ನಂಗೆ ಇಷ್ಟ ಆಗಿದ್ದೇ ಅದು.

ಜಾಗ ಹಳೇದೇ, ಆದ್ರೆ ಇವತ್ತು ಕಾಣೋ ಗಟ್ಟಿ ಕೆಲಸ ಬಹುಪಾಲು ಕೆಳದಿ ನಾಯಕರ ಕಾಲದ್ದು, ಅದರಲ್ಲೂ ವೆಂಕಟಪ್ಪ ನಾಯಕನ ಹೆಸರು ಜಾಸ್ತಿ ಕೇಳ್ತೀವಿ, ಈ ಕೋಟೇನ ಭುವನಗಿರಿ ದುರ್ಗ ಅಂತಾನೂ ಕರೀತಿದ್ರು. ಗೋಡೆ ನೇರ ಕಟ್ಟಿಲ್ಲ, ಗುಡ್ಡ ಹೆಂಗೆ ತಿರುಗುತ್ತೋ ಹಂಗೇ ಸುತ್ತು ಸುತ್ತಾಗಿ ಹೋಗಿದೆ, ಒಂದು ಬಾಗಿಲು ದಾಟಿದ್ವಿ ಮುಗೀತು ಅನ್ಕೊಂಡ್ರೆ ಮೇಲೆ ಇನ್ನೊಂದು ಬಾಗಿಲು, ಒಳಗೆ ಕಾವಲಿನೋರಿಗೆ ಜಾಗ. ಆ ಕಲ್ಲಿನ ಸೈಜ್ ನೋಡ್ಬೇಕು ಮಾರಾಯ್ರೆ.

ಬರೋರಲ್ಲಿ ಮುಕ್ಕಾಲು ಜನ ಮಾಡೋದು ಏನು ಗೊತ್ತಾ, ಓಡ್ಕೊಂಡು ಶಿಖರೇಶ್ವರ ದೇವಸ್ಥಾನದ ಹತ್ರ ತುದಿಗೆ ಹತ್ತಿ, ಫೋಟೋ ಹೊಡ್ದು, ಇಳಿಯೋದು. ತುದಿ ಚೆನ್ನಾಗಿದೆ, ಇಲ್ಲ ಅನ್ನಲ್ಲ, ಸುತ್ತ ಕಾಡು, ಆಚೆ ಹಿನ್ನೀರು, ಮೋಡ ಇಲ್ದಿದ್ರೆ ಸಂಜೆ ಹೊತ್ತು ಕಣ್ಣಿಗೆ ಹಬ್ಬ. ಆದ್ರೆ ಅರಮನೆ ಬಿದ್ದಿರೋ ಜಾಗ ಬಿಟ್ಟು ಹೋಗ್ಬೇಡಿ ದಯವಿಟ್ಟು. ಮೇಲಿನ ಗೋಡೆ ಚಾವಣಿ ಏನೂ ಉಳಿದಿಲ್ಲ, ಕಲ್ಲಿನ ತಳಪಾಯ ಮಾತ್ರ, ಆದ್ರೂ ನಿಧಾನಕ್ಕೆ ಓಡಾಡಿದ್ರೆ ಮನೆ ಪೂರ್ತಿ ಅರ್ಥ ಆಗುತ್ತೆ: ಇಲ್ಲಿ ಕಲ್ಲಿನ ಒಲೆ, ಒಂದೇ ಸಲಕ್ಕೆ ನಾಲ್ಕೈದು ಪಾತ್ರೆ ಇಡಬಹುದು, ಇಲ್ಲಿ ಬಚ್ಚಲು, ಇಲ್ಲಿಂದ ನೀರು ಆಚೆ ಹೋಗೋ ಕಾಲುವೆ, ಅಲ್ಲೇ ಮೆಟ್ಟಿಲಿರೋ ಕೊಳ. ನಮ್ ಮಲೆನಾಡಿನ ಮಳೇಲಿ ಗುಡ್ಡದ ಮೇಲೆ ಮನೆ ಕಟ್ಟೋನಿಗೆ ಶತ್ರುಗಿಂತ ಮುಂಚೆ ನೀರಿಂದೇ ಚಿಂತೆ ಅಲ್ವಾ, ನೀರು ಹಿಡಿಯೋದೂ ಗೊತ್ತಿರ್ಬೇಕು ಬಿಡೋದೂ ಗೊತ್ತಿರ್ಬೇಕು, ಅವ್ರಿಗೆ ಎರಡೂ ಗೊತ್ತಿತ್ತು. 1763ರಲ್ಲಿ ಹೈದರಾಲಿ ರಾಜಧಾನಿ ಬಿದನೂರು (ಈಗ ನಗರ ಅಂತ ಕರೆಯೋ ಊರು) ತಗೊಂಡ ಮೇಲೆ ಕೆಳದಿಯೋರ ಆಳ್ವಿಕೆಯೇ ಮುಗೀತು, ಒಲೆ ಮಾತ್ರ ಹಂಗೇ ಕೂತಿದೆ.

ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದ್ರೆ, ಯಾವುದು ಏನು ಅಂತ ಹೇಳೋ ಬೋರ್ಡ್ ಇನ್ನೂ ಬೇಕಿತ್ತು, ಗೊತ್ತಿರೋರು ಜೊತೆಗಿಲ್ದಿದ್ರೆ ಅರಮನೆ ಅಡುಗೆಮನೆ ಮೇಲೇ ಕಾಲಿಟ್ಕೊಂಡು ಹೋಗ್ಬಿಡ್ತೀರ. ಮತ್ತೆ ಚಿಪ್ಸ್ ಪ್ಯಾಕೆಟ್, ಬಾಟ್ಲಿ ಎಸೆಯೋರು. ಅದಕ್ಕೆ ಕೋಟೆ ಏನ್ ಮಾಡುತ್ತೆ, ಆದ್ರೂ ಬರೆದೆ. ಗೋಡೆ ಮೇಲೆ ಲವ್ ಸಿಂಬಲ್ ಕೆತ್ತೋರ ಬಗ್ಗೆ ಇಲ್ಲಿ ಬರೆಯೋ ಭಾಷೇಲಿ ಹೇಳೋಕಾಗಲ್ಲ.

ಮಳೆಗಾಲದಲ್ಲಿ ಹೋಗೋರು ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ಹಾಸುಗಲ್ಲು ಪಾಚಿ ಕಟ್ಟಿ ಸಿಕ್ಕಾಪಟ್ಟೆ ಜಾರುತ್ತೆ, ಚಪ್ಪಲಿ ಹಾಕ್ಕೊಂಡು ಬಂದು ಒದ್ದಾಡೋರನ್ನ ನೋಡೋಕಾಗಲ್ಲ. ಉಂಬಳ (ಜಿಗಣೆ) ಇರುತ್ತೆ, ಉಪ್ಪೋ ಸುಣ್ಣವೋ ಜೇಬಲ್ಲಿರಲಿ, ಕಿತ್ತು ಎಳೀಬೇಡಿ. ನನ್ ಕೇಳಿದ್ರೆ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಬೆಸ್ಟ್, ಬೆಳಿಗ್ಗೆ ಬೇಗ ಹತ್ತಿ. ನೀರು, ತಿನ್ನೋಕೆ ಏನಾದ್ರೂ ಕೆಳಗಿಂದಲೇ ತಗೊಂಡ್ಹೋಗಿ, ಮೇಲೆ ಹೋಟ್ಲು ಹುಡುಕ್ಬೇಡಿ.

ಮನೇಲಿ ಮಂಡಿ ನೋವಿರೋ ಹಿರಿಯರು ಇದ್ರೆ ಅವ್ರನ್ನ ಇಲ್ಲಿ ಹತ್ತಿಸೋ ಸಾಹಸ ಬೇಡ, ನಗರ ಅನ್ನೋ ಊರಿನ ಕೋಟೆಗೆ ಕರ್ಕೊಂಡ್ಹೋಗಿ, ರೋಡ್ ಪಕ್ಕಾನೇ ಇದೆ, ಅಲ್ಲಿಂದ ದೇವಗಂಗೆ ಕೊಳನೂ ಹತ್ರ, ಅದೂ ಕೆಳದಿ ಕಾಲದ್ದೇ.